ಯುದ್ಧಕಾಲದ ಒಂದು ಪತ್ರಿಕೆಯ ತುಣುಕು

ನಮ್ಮ ಅಜ್ಜಿಯವರು ತೀರಿಕೊಂಡು ಬಹಳ ವರ್ಷಗಳಾದುವು. ಅವರ ತಗಡಿನ ಪೆಟ್ಟಿಗೆ ಮಾತ್ರ ಈಗಲೂ ನಮ್ಮ ಮನೆಯ ಅಟ್ಟದ ಮೇಲಿದೆ. ಮಕ್ಕಳ ಜಾತಕಗಳು, ಹಲಸೂರಿನ ಮನೆಯ ಕ್ರಯಪತ್ರದ ನಕಲು, ಕಂದಾಯದ ರಸೀತಿಗಳು, ಕೆಲವು ಮನಿಯಾರ್ಡರಿನ ಕೂಪನ್ನುಗಳು, ಸರ್ಕಾರದ ಮೊಹರು ಬಿದ್ದ ಒಂದೆರಡು ಕಾಗದಗಳು, ಇಷ್ಟೇ ಅದರೊಳಗಿನ ಆಸ್ತಿ. ಇವುಗಳೆಲ್ಲದರ ಅಡಿಯಲ್ಲಿ, ಒಂದು ಹಳೆಯ ಪಂಚಾಂಗದ ಹಾಳೆಗಳ ನಡುವೆ, ಇಂಗ್ಲಿಷ್ ವೃತ್ತಪತ್ರಿಕೆಯೊಂದರಿಂದ ಕತ್ತರಿಸಿ ತೆಗೆದ ತುಣುಕೊಂದು ಇದೆ. ಅದರ ಅಗಲ ನಾಲ್ಕು ಬೆರಳು, ಉದ್ದ ಒಂದು ಗೇಣು. ಕಾಗದ ಕಂದುಬಣ್ಣಕ್ಕೆ ತಿರುಗಿದೆ. ಮಡಿಸಿದ ಕಡೆ ಬಿರಿದಿದೆ. ಅಜ್ಜಿಯವರಿಗೆ ಇಂಗ್ಲಿಷು ಬಾರದು. ಕನ್ನಡವನ್ನೂ ಅವರು ಕೂಡಿಸಿಕೊಂಡು ಓದುತ್ತಿದ್ದರು. ಆದಾಗ್ಯೂ ಅರುವತ್ತು ವರ್ಷಕ್ಕೂ ಮೇಲ್ಪಟ್ಟು ಈ ತುಣುಕನ್ನು ಅವರು ಜೋಪಾನ ಮಾಡಿಕೊಂಡು ಬಂದರು.

ಕತ್ತರಿಸಿದ ಪುಣ್ಯಾತ್ಮರು ಯಾರೋ, ಸುದ್ದಿಯನ್ನು ಉಳಿಸಿ ತಾರೀಖನ್ನು ಬಿಟ್ಟುಬಿಟ್ಟಿದ್ದಾರೆ. ಪತ್ರಿಕೆಯ ಹೆಸರೂ ಇಲ್ಲ. ಚರಿತ್ರೆಯಲ್ಲಿ ಆಸಕ್ತಿಯುಳ್ಳವನಿಗೆ ಇದಕ್ಕಿಂತ ದೊಡ್ಡ ಉಪದ್ರವ ಮತ್ತೊಂದಿರಲಾರದು. ಹಿಂಬದಿಯಲ್ಲಿ ಯುದ್ಧಕಾಲದ ಉಳಿತಾಯಪತ್ರಗಳನ್ನು ಕೊಳ್ಳಿರೆಂದು ಹೇಳುವ ಜಾಹೀರಾತಿನ ಅರ್ಧ ಭಾಗವಿದೆ. ಮುಂಬದಿಯಲ್ಲಿ ಮಿತ್ರರಾಷ್ಟ್ರಗಳ ಸೈನ್ಯವು ಫ್ರಾನ್ಸಿನ ಕಡಲತೀರದಲ್ಲಿ ಇಳಿದ ಬಗೆ, ಶತ್ರುಗಳು ಹಾಕಿದ್ದ ಮುಳ್ಳುತಂತಿಯ ಬೇಲಿ, ಅದನ್ನು ಸಿಡಿಸಿ ದಾರಿ ಮಾಡಿಕೊಟ್ಟ ಕೊಳವೆ, ಈ ವಿಷಯಗಳು ಸಂಗ್ರಹವಾಗಿ ಬಂದಿವೆ. ಆ ಕೊಳವೆಯ ಹೆಸರು ‘ಬ್ಯಾಂಗಲೋರ್ ಟಾರ್ಪೆಡೊ’. ಆ ಎರಡು ಪದಗಳಲ್ಲಿ ಮೊದಲನೆಯದರ ಕೆಳಗೆ ಯಾರೋ ನೀಲಿ ಪೆನ್ಸಿಲಿನಿಂದ ಗೆರೆ ಎಳೆದಿದ್ದಾರೆ. ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಸೈನ್ಯ ಇಳಿದದ್ದು 1944ನೆಯ ಇಸವಿ ಜೂನ್ 6ರಂದು; ಆದುದರಿಂದ ತುಣುಕು ಅದಕ್ಕೆ ಈಚಿನದು. ಸುದ್ದಿ ಇನ್ನೂ ಬಿಸಿಯಾಗಿರುವಾಗ ಬರೆದ ಧಾಟಿ ಇರುವುದರಿಂದ ಬಹಳ ಈಚಿನದೂ ಆಗಿರಲಾರದು.

ಈ ತುಣುಕಿನ ಸುತ್ತ ನಮ್ಮ ಮನೆಯಲ್ಲಿ ಒಂದು ಕಥೆ ಬೆಳೆದಿತ್ತು. ಅಜ್ಜಿಯವರಿಗೆ ಒಬ್ಬ ಅಣ್ಣ ಇದ್ದರು. ಕೃಷ್ಣರಾಜಪುರದ ಹತ್ತಿರದ ಹಳ್ಳಿಯವರು, ಯುದ್ಧ ಆರಂಭವಾದ ಮರುವರ್ಷ ಮನೆಯಲ್ಲಿ ಹೇಳದೆ ಹಲಸೂರಿಗೆ ನಡೆದು ಬಂದು ಸ್ಯಾಪರ್ಸ್ ದಳಕ್ಕೆ ಸೇರಿದರು, ಹಿಂದಿರುಗಿ ಬರಲಿಲ್ಲ. ನಮ್ಮ ತಂದೆಯವರ ತಲೆಮಾರಿಗೆ ಅವರು ‘ದಂಡಿನ ಮಾವ’. ಅವರ ಮುಖವನ್ನೇ ಕಾಣದ ನಾವೂ ಹಾಗೆಯೇ ಕರೆಯುತ್ತೇವೆ. ದಂಡಿನ ಮಾವ ಫ್ರಾನ್ಸಿಗೆ ಹೋದರು, ಕಡಲ ದಂಡೆಯಲ್ಲಿ ಬೇಲಿಯನ್ನು ಸಿಡಿಸಿದರು, ಅಲ್ಲಿಯೇ ಮಡಿದರು, ಅದು ಇಂಗ್ಲಿಷ್ ಪತ್ರಿಕೆಯಲ್ಲಿಯೂ ಬಂದಿತು ಎಂಬುದು ನಾವು ಬಾಲ್ಯದಿಂದ ಕೇಳಿದ ವೃತ್ತಾಂತ. ಮದುವೆ ಮುಂಜಿಗಳಲ್ಲಿ ನೆಂಟರು ಸೇರಿದಾಗ ಇದು ಒಮ್ಮೆಯಾದರೂ ಬರುತ್ತಿತ್ತು. ನಾನೂ ಶಾಲೆಯಲ್ಲಿ ಇದನ್ನು ಪ್ರಬಂಧವಾಗಿ ಬರೆದು ಉಪಾಧ್ಯಾಯರಿಂದ ಶಹಬಾಸ್ ಎನ್ನಿಸಿಕೊಂಡವನು. ಆ ಕಾರಣದಿಂದಲೇ ಈಗ ಬರೆಯುವುದು ನನಗೆ ಸ್ವಲ್ಪ ಸಂಕೋಚದ ಕೆಲಸ.

ಮೊದಲು ಆ ಕೊಳವೆಯ ವಿಚಾರ. ಮುಳ್ಳುತಂತಿ ಹುಟ್ಟಿದ್ದು ಯುದ್ಧಕ್ಕಾಗಿ ಅಲ್ಲ. ಅಮೆರಿಕಾದ ಜೋಸೆಫ್ ಗ್ಲಿಡನ್ ಎಂಬ ಬೇಸಾಯಗಾರನು 1874ರಲ್ಲಿ ಅದಕ್ಕೆ ಪೇಟೆಂಟು ಪಡೆದದ್ದು ದನಗಳು ಹೊಲಕ್ಕೆ ನುಗ್ಗದಿರಲಿ ಎಂದು. ಕಾಲು ಶತಮಾನ ಕಳೆಯುವುದರೊಳಗೆ ಸೈನ್ಯದವರು ಅದನ್ನು ಮನುಷ್ಯರಿಗೆ ಬಳಸಿದರು. 1899ರಿಂದ 1902ರ ವರೆಗೆ ನಡೆದ ಬೋಯರ್ ಯುದ್ಧದಲ್ಲಿಯೂ, 1904-05ರ ರುಷ್ಯ-ಜಪಾನ್ ಯುದ್ಧದಲ್ಲಿಯೂ ತಂತಿಯ ಬೇಲಿ ಮತ್ತು ನೆಲದಲ್ಲಿ ಹೂತ ಸಿಡಿಮದ್ದು ಎರಡೂ ಕೂಡಿ ಕಾಲಾಳುಗಳಿಗೆ ಯಮಪಾಶವಾದುವು. ಬೇಲಿಯ ಬಳಿಗೆ ಹೋಗಿ ಇಕ್ಕುಳದಿಂದ ಕತ್ತರಿಸೋಣವೆಂದರೆ ಎದುರಿನಿಂದ ಗುಂಡು ಬರುತ್ತದೆ. ದೂರದಿಂದ ಫಿರಂಗಿ ಹಾರಿಸಿದರೆ ತಂತಿ ಎದ್ದು ಬಿದ್ದು ಇನ್ನಷ್ಟು ಸಿಕ್ಕಾಗುತ್ತದೆ. ಈ ಎರಡನೆಯ ಮಾತಿನ ಸತ್ಯವನ್ನು ಇಂಗ್ಲಿಷರು 1916ನೆಯ ಜುಲೈ 1ರಂದು ಸೋಮ್ ಎಂಬಲ್ಲಿ ಕಂಡುಕೊಂಡರು. ವಾರದುದ್ದಕ್ಕೂ ಫಿರಂಗಿಗಳನ್ನು ಹಾರಿಸಿದ ಮೇಲೂ ಅನೇಕ ಕಡೆ ಬೇಲಿ ಹಾಗೆಯೇ ನಿಂತಿತ್ತು. ಆ ಒಂದೇ ದಿನ ಅವರ ಪಾಲಿಗೆ 57,470 ಮಂದಿಯ ನಷ್ಟವಾಯಿತು, ಅವರಲ್ಲಿ 19,240 ಮಂದಿ ಪ್ರಾಣವನ್ನೇ ಕಳೆದುಕೊಂಡರು.

ಇದಕ್ಕೆ ನಾಲ್ಕು ವರ್ಷ ಹಿಂದೆ, 1912ರಲ್ಲಿ, ಬೆಂಗಳೂರಿನಲ್ಲಿದ್ದ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್ ದಳದ ಕ್ಯಾಪ್ಟನ್ ಮ್ಯಾಕ್‌ಕ್ಲಿಂಟಾಕ್ ಎಂಬ ಅಧಿಕಾರಿ ಒಂದು ಉಪಾಯವನ್ನು ಯೋಚಿಸಿದನು. ಉಪಾಯ ಬಹು ಸರಳವಾದುದು. ಕಬ್ಬಿಣದ ಕೊಳವೆಯೊಳಗೆ ಸಿಡಿಮದ್ದನ್ನು ತುಂಬುವುದು. ಒಂದರ ಹಿಂದೆ ಒಂದನ್ನು ಜೋಡಿಸಿ ಬೇಲಿಯ ಕೆಳಗೆ ಮೆಲ್ಲನೆ ನೂಕುತ್ತ ಹೋಗುವುದು. ಕೊನೆಯ ತುಂಡಿಗೆ ಬತ್ತಿ ಹಚ್ಚಿ ಮರೆಗೆ ಸರಿಯುವುದು. ಮುಂದಿನ ತುದಿಗೆ ನುಣುಪಾದ ಮೂತಿ ಇರುವುದರಿಂದ ಅದು ತಂತಿಗೆ ತೊಡರುವುದಿಲ್ಲ. ಸಿಡಿದಾಗ ಕೊಳವೆಯ ಚೂರುಗಳು ಎರಡು ಪಕ್ಕಕ್ಕೂ ಹಾರಿ ತಂತಿಯನ್ನು ತುಂಡರಿಸುತ್ತವೆ. ಹತ್ತಿರದಲ್ಲಿ ಹೂತ ಸಿಡಿಮದ್ದುಗಳೂ ಅದರ ಹೊಡೆತಕ್ಕೆ ಸಿಡಿದುಹೋಗುತ್ತವೆ. ಆಳುಗಳು ಸಾಲಾಗಿ ನುಗ್ಗುವಷ್ಟು ಅಗಲದ ಓಣಿ ತೆರೆಯುತ್ತದೆ. ನೂಕುವವನು ಕಂದಕದೊಳಗೆ ಮಲಗಿಕೊಂಡೇ ಈ ಕೆಲಸವನ್ನು ಮಾಡಬಹುದು. ಇಷ್ಟಾದರೂ ನೂಕುವವನೊಬ್ಬನು ಬೇಕೇ ಬೇಕು. ಗುಂಡಿನ ಮಳೆಯಲ್ಲಿ ಹೊಟ್ಟೆಯ ಮೇಲೆ ತೆವಳಿ ಬೇಲಿಯ ವರೆಗೆ ಹೋಗಬೇಕಾದವನು ಅವನೇ. ಟಾರ್ಪೆಡೊ ಎಂದರೆ ನಾವು ಈಗ ನೀರಿನೊಳಗೆ ಹರಿದು ಹಡಗನ್ನು ಒಡೆಯುವ ಆಯುಧವೆಂದು ತಿಳಿಯುತ್ತೇವೆ. ಹಿಂದೆ ಹೂತಿಟ್ಟು ಸಿಡಿಸುವ ಸಾಧನಗಳನ್ನೂ ಇಂಗ್ಲಿಷಿನಲ್ಲಿ ಹಾಗೆ ಕರೆಯುತ್ತಿದ್ದರು. ಕಡಲಿಲ್ಲದ ನಮ್ಮ ಊರಿಗೆ ಆ ಹೆಸರು ಗಂಟುಬಿದ್ದದ್ದು ಹೀಗೆ.

ಇಲ್ಲಿ ಹಲಸೂರಿನ ವಿಷಯವನ್ನು ಎರಡು ಮಾತಿನಲ್ಲಿ ಹೇಳಬೇಕು. 1809ರ ಸುಮಾರಿಗೆ ಇಂಗ್ಲಿಷರು ಶ್ರೀರಂಗಪಟ್ಟಣದ ಸೈನ್ಯವನ್ನು ಬೆಂಗಳೂರಿಗೆ ತಂದು ಹಲಸೂರಿನ ಆಸುಪಾಸಿನ ಬಯಲಿನಲ್ಲಿ ನೆಲೆಗೊಳಿಸಿದರು. ಜನರು ಅದನ್ನು ದಂಡು ಎಂದರು. ಕಂಟೋನ್ಮೆಂಟ್ ರೈಲ್ವೆ ನಿಲ್ದಾಣಕ್ಕೆ ದಂಡು ಎಂಬ ಹೆಸರು ಹಳಬರ ಬಾಯಲ್ಲಿ ಈಗಲೂ ಉಳಿದಿದೆ. 1881ರಲ್ಲಿ ಮೈಸೂರು ಸಂಸ್ಥಾನವನ್ನು ಅರಸರಿಗೆ ಹಿಂದಕ್ಕೆ ಒಪ್ಪಿಸಿದಾಗಲೂ ದಂಡಿನ ಪ್ರದೇಶವನ್ನು ಇಂಗ್ಲಿಷರು ತಮ್ಮ ಆಡಳಿತದಲ್ಲಿಯೇ ಇಟ್ಟುಕೊಂಡರು. ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಲ್ಲಿ ಅದು ಮೈಸೂರಿಗೆ ಮರಳಿದ್ದು 1947ನೆಯ ಜುಲೈ 26ರಂದು. ಹಾಗಾಗಿ ಕೃಷ್ಣರಾಜಪುರದ ಹುಡುಗನು ಹಲಸೂರಿಗೆ ನಡೆದು ಬಂದನೆಂದರೆ ಮಹಾರಾಜರ ಸೀಮೆಯನ್ನು ದಾಟಿ ಬೇರೊಂದು ಸರ್ಕಾರದ ನೆಲಕ್ಕೆ ಬಂದನೆಂದು ಅರ್ಥ. ಮೈಸೂರಿಗೆ ತನ್ನದೇ ಕುದುರೆಯ ದಳವೂ ಕಾಲಾಳಿನ ದಳವೂ ಇದ್ದುವು. ಅಜ್ಜಿಯ ಅಣ್ಣ ಅತ್ತ ಹೋಗದೆ ಇತ್ತ ಬಂದುದಕ್ಕೆ ಕಾರಣ ದೊಡ್ಡದೇನೂ ಇರಲಾರದು. ಹಲಸೂರು ಹತ್ತಿರ, ಸಂಬಳ ನಿಶ್ಚಯ, ಸ್ಯಾಪರುಗಳಿಗೆ ಕಲಿಸುವ ಬಡಗಿಯ ಕೆಲಸ, ಕಮ್ಮಾರಿಕೆ, ಗಾರೆಯ ಕೆಲಸ ಮುಂದೆ ಹೊಟ್ಟೆಗೆ ದಾರಿಯಾಗುತ್ತದೆ.

ಆ ದಳದ ಮೂಲ 1780ರಷ್ಟು ಹಿಂದಿನದು. ಮದರಾಸಿನಲ್ಲಿ ಹುಟ್ಟಿ ಹತ್ತೊಂಬತ್ತನೆಯ ಶತಮಾನದಲ್ಲಿ ಬೆಂಗಳೂರಿನಲ್ಲಿ ನೆಲೆನಿಂತಿತು. ಹಲಸೂರು ಕೆರೆಯ ದಂಡೆಯಲ್ಲಿ ಮದ್ರಾಸ್ ಇಂಜಿನಿಯರ್ ಗ್ರೂಪ್ ಎಂಬ ಹೆಸರಿನಿಂದ ಅದು ಇಂದಿಗೂ ಇದೆ. ತಮಿಳರು, ತೆಲುಗರು, ಮಲೆಯಾಳಿಗಳು, ಕನ್ನಡಿಗರು ಒಂದೇ ಸಾಲಿನಲ್ಲಿ ನಿಲ್ಲುವ ಈ ದಳದವರನ್ನು ಸೈನ್ಯದಲ್ಲಿ ‘ತಂಬಿ’ಗಳೆಂದು ಕರೆಯುತ್ತಾರೆ. ಇವರ ಕೆಲಸ ಸೇತುವೆ ಕಟ್ಟುವುದು, ದಾರಿ ಕಡಿಯುವುದು, ಸಿಡಿಮದ್ದನ್ನು ಹೂಳುವುದು, ಶತ್ರು ಹೂತದ್ದನ್ನು ಹುಡುಕಿ ತೆಗೆಯುವುದು. ಸೈನ್ಯಕ್ಕಿಂತ ಮುಂಚೆ ಹೋಗಿ ಸೈನ್ಯ ದಾಟಿದ ಮೇಲೆ ಹೊರಡುವವರು ಇವರು. ವರ್ತಮಾನ ಪತ್ರಿಕೆಗಳು ಮಾತ್ರ ಸಾಮಾನ್ಯವಾಗಿ ಬರೆಯುವುದು ನಡುವೆ ದಾಟಿಹೋದವರನ್ನು ಕುರಿತು.

ಇನ್ನು ತುಣುಕಿನಲ್ಲಿ ಹೇಳಿದ ಕಾಳಗಕ್ಕೆ ಬರೋಣ. ನಾರ್ಮಂಡಿಯ ಐದು ತೀರಗಳಲ್ಲಿ ಅತ್ಯಂತ ಕಠಿನವಾದುದು ಅಮೆರಿಕನ್ನರು ಇಳಿದ ‘ಒಮಾಹ’. ಅಲ್ಲಿ ಮರಳಿನ ದಿಣ್ಣೆಯ ಮೇಲೆ ಮುಳ್ಳುತಂತಿ, ಅದರ ಹಿಂದೆ ಹೂತ ಸಿಡಿಮದ್ದು, ಮೇಲಿನ ಗುಡ್ಡದಲ್ಲಿ ಜರ್ಮನರ ಯಂತ್ರದ ಬಂದೂಕುಗಳು. ಇಳಿದವರು ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಬರಲಾರದೆ ಮರಳಿಗೆ ಅಂಟಿಕೊಂಡು ಮಲಗಿದ್ದರು. ಮಡಿದವರು, ಗಾಯಗೊಂಡವರು, ಕಾಣೆಯಾದವರು ಎಲ್ಲರೂ ಸೇರಿ 2,000ಕ್ಕೆ ಮೀರಿದ ಆ ದಿನದಲ್ಲಿ, ಬೇಲಿಯಲ್ಲಿ ಕಂಡಿಗಳನ್ನು ತೆರೆದ ಸಾಧನಗಳಲ್ಲಿ ನಮ್ಮ ಊರಿನ ಹೆಸರಿನ ಕೊಳವೆಯೂ ಒಂದು. ಅಮೆರಿಕನ್ನರು ಅದನ್ನು ಐದಡಿ ಉದ್ದದ ತುಂಡುಗಳಾಗಿ ತಯಾರಿಸಿಕೊಂಡಿದ್ದರು. ಬಾಯಿಮಾತಿನಲ್ಲಿ ಟಾರ್ಪೆಡೊ ಎಂಬುದನ್ನೂ ಬಿಟ್ಟು ಬರಿಯ ‘ಬ್ಯಾಂಗಲೋರ್’ ಎನ್ನುತ್ತಿದ್ದರು. ‘ಸೇವಿಂಗ್ ಪ್ರೈವೇಟ್ ರಯನ್’ ಎಂಬ 1998ರ ಚಲಚ್ಚಿತ್ರವನ್ನು ನೋಡಿದವರಿಗೆ ಆ ಕೂಗು ನೆನಪಿರಬಹುದು. 2014ರಲ್ಲಿ ನಗರದ ಹೆಸರನ್ನು ಇಂಗ್ಲಿಷಿನಲ್ಲಿಯೂ ಬೆಂಗಳೂರು ಎಂದೇ ಬರೆಯತಕ್ಕದ್ದೆಂದು ಸರ್ಕಾರ ವಿಧಿಸಿತು. ಕೊಳವೆಗೆ ಮಾತ್ರ ಈ ಆಜ್ಞೆ ತಟ್ಟಲಿಲ್ಲ.

ದೂರದ ಫ್ರಾನ್ಸಿನ ಈ ಸಂಗತಿಯನ್ನು ಇಲ್ಲಿನ ಪತ್ರಿಕೆ ಏಕೆ ಅಚ್ಚುಮಾಡಿತು? ಯುದ್ಧಕಾಲದಲ್ಲಿ ಕಾಗದಕ್ಕೆ ಅಭಾವ. ಪತ್ರಿಕೆಯ ಪುಟಗಳು ಕುಗ್ಗಿದ್ದುವು. ನಾಲ್ಕು ಬೆರಳು ಜಾಗವೆಂದರೆ ಅದಕ್ಕೆ ಬೆಲೆಯಿತ್ತು. ಭಾರತರಕ್ಷಣೆಯ ಕಾನೂನಿನ ಮೇರೆಗೆ ನಮ್ಮ ಸೈನ್ಯ ಎಲ್ಲಿದೆ, ಎತ್ತ ಹೋಗುತ್ತಿದೆ ಎಂಬುದನ್ನು ಅಪ್ಪಣೆಯಿಲ್ಲದೆ ಬರೆಯುವಂತಿರಲಿಲ್ಲ. ಹಲಸೂರಿನ, ಶಿವಾಜಿನಗರದ, ಫ್ರೇಜರ್ ಟೌನಿನ ಅದೆಷ್ಟೋ ಮನೆಗಳಿಂದ ಹುಡುಗರು ಹೋಗಿದ್ದರೂ ಅವರು ಎಲ್ಲಿರುವರೆಂದು ಪತ್ರಿಕೆ ಹೇಳಲಾರದು. ಊರಿನ ಹೆಸರನ್ನು ಹೊತ್ತ ಕೊಳವೆಯ ಸುದ್ದಿಗಾದರೆ ಯಾವ ಅಡ್ಡಿಯೂ ಇಲ್ಲ. ಓದುವವರಿಗೆ ಹೆಮ್ಮೆ, ಸರ್ಕಾರಕ್ಕೆ ಸಂತೋಷ. ಇಂತಹ ಸುದ್ದಿಗೆ ಮನೆಮನೆಯಲ್ಲಿಯೂ ಹಸಿವಿದ್ದಿತೆಂದು ಊಹಿಸಲು ಕಷ್ಟವಿಲ್ಲ.

ನನಗೆ ಸಂಶಯ ಹುಟ್ಟಿದ್ದು ಬಹಳ ತಡವಾಗಿ. ನಾರ್ಮಂಡಿಯಲ್ಲಿ ಇಳಿದ ಸೈನ್ಯಗಳ ಪಟ್ಟಿಯನ್ನು ಒಮ್ಮೆ ಓದುತ್ತಿದ್ದೆ. ಅಮೆರಿಕಾ, ಬ್ರಿಟನ್, ಕೆನಡಾ, ಅವರ ಜೊತೆಗೆ ಫ್ರೆಂಚರ ಒಂದು ಸಣ್ಣ ದಳ. ಭಾರತೀಯ ಸೇನೆಯ ಯಾವ ದಳವೂ ಅಂದು ಅಲ್ಲಿ ಇಳಿಯಲಿಲ್ಲ. ಆ ಯುದ್ಧದಲ್ಲಿ ಭಾರತದಿಂದ ಸೇನೆಗೆ ಸೇರಿದವರು 25 ಲಕ್ಷಕ್ಕೆ ಮೇಲ್ಪಟ್ಟವರು. ಅವರು ಕಾದಿದ ನೆಲ ಪೂರ್ವ ಆಫ್ರಿಕಾ, ಉತ್ತರ ಆಫ್ರಿಕಾ, ಇಟಲಿ, ಮಲಯ, ಬರ್ಮ. ಬೆಂಗಳೂರಿನ ಸ್ಯಾಪರುಗಳು ಈ ಬಹುಭಾಗಗಳಲ್ಲಿ ದುಡಿದವರು. ನಾರ್ಮಂಡಿಯ ಮರಳನ್ನು ಮಾತ್ರ ಅವರು ತುಳಿಯಲಿಲ್ಲ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲವೆಂದರೆ ವಾಚಕರು ನಕ್ಕಾರು. ಮನೆಯ ಕಥೆಯೊಂದು ಸುಳ್ಳಾದರೆ ಲೋಕಕ್ಕೇನು ನಷ್ಟವಿಲ್ಲ, ನಿಜ. ನನ್ನ ಕಣ್ಣಿಗೆ ಕಟ್ಟಿದ್ದು ಪೆಟ್ಟಿಗೆಯನ್ನು ತೆರೆದು ಆ ತುಣುಕನ್ನು ಬೆರಳ ತುದಿಯಿಂದ ನೇವರಿಸುತ್ತಿದ್ದ ಮುದುಕಿ. ಅವರು ಬದುಕಿನುದ್ದಕ್ಕೂ ಒಂದು ತಪ್ಪು ತಿಳಿವಳಿಕೆಯನ್ನು ನಂಬಿಕೊಂಡಿದ್ದರೇ ಎಂಬುದೇ ನನ್ನ ವ್ಯಥೆ.

ಮರುದಿನ ಪೆಟ್ಟಿಗೆಯನ್ನು ಇಳಿಸಿ, ಈ ವರೆಗೆ ಯಾರೂ ಲಕ್ಷ್ಯವಿಟ್ಟು ನೋಡದಿದ್ದ ಬೇರೆಯ ಕಾಗದಗಳನ್ನು ಒಂದೊಂದಾಗಿ ಬಿಡಿಸಿದೆನು. ಮನಿಯಾರ್ಡರಿನ ಕೂಪನ್ನುಗಳ ಮೇಲೆ ಊರಿನ ಹೆಸರಿಲ್ಲ. ಸೈನ್ಯದ ಅಂಚೆಕಚೇರಿಯ ಅಂಕಿ ಮಾತ್ರ ಇದೆ. ಯುದ್ಧಭೂಮಿಯ ಅಂಚೆಕಚೇರಿಗಳಿಗೆ ಹೆಸರಿನ ಬದಲು ಅಂಕಿಯನ್ನು ಕೊಡುತ್ತಿದ್ದುದು ಗುಟ್ಟನ್ನು ಕಾಪಾಡುವುದಕ್ಕಾಗಿ. ಕೊನೆಯ ಕೂಪನ್ನು 1944ನೆಯ ಜನವರಿಯದು. ಅದರ ಜೊತೆಗೆ ಸೆನ್ಸಾರಿನ ಮುದ್ರೆ ಬಿದ್ದ ಒಂದು ಕಾಗದವಿದೆ. ಕಾಗದದಲ್ಲಿ ಕ್ಷೇಮಸಮಾಚಾರ, ತಂಗಿಯ ಮದುವೆಗೆ ಬರಲಾಗಲಿಲ್ಲವೆಂಬ ಬೇಸರ, ಹಸುವಿನ ವಿಚಾರ, ಎರಡು ಸಾಲುಗಳನ್ನು ಸೆನ್ಸಾರಿನವನು ಮಸಿಯಿಂದ ಬಳಿದಿದ್ದಾನೆ. ಅವನ ಕಣ್ಣಿಗೆ ಬೀಳದೆ ಉಳಿದ ಒಂದು ಸಾಲು ನಮಗೆ ಸಾಕು: ಇಲ್ಲಿಯ ಬೆಟ್ಟದಲ್ಲಿ ಎಲ್ಲಿ ನೋಡಿದರೂ ಬಿದಿರು, ದಾರಿ ಮಾಡುವುದಕ್ಕೆ ದಿನವೂ ಅದನ್ನೇ ಕಡಿಯುತ್ತೇವೆ ಎಂದು ಬರೆದಿದ್ದಾರೆ. ಇಟಲಿಯ ಬೆಟ್ಟಗಳಲ್ಲಿ ಬಿದಿರಿನ ಕಾಡಿಲ್ಲ. ಆ ಚಳಿಗಾಲದಲ್ಲಿ ಬರ್ಮದ ಗಡಿಯ ಅರಾಕಾನ್ ಸೀಮೆಯಲ್ಲಿ ಭಾರತೀಯ ಸೇನೆಯ ಇಂಜಿನಿಯರುಗಳು ಬೆಟ್ಟದ ಕಾಲುದಾರಿಗಳನ್ನು ಲಾರಿ, ಟ್ಯಾಂಕುಗಳು ಹೋಗುವ ರಸ್ತೆಗಳಾಗಿ ಮಾಡುತ್ತಿದ್ದರು. ನಾಕ್ಯೆಡೌಕ್ ಕಣಿವೆಯ ದಾರಿ ಹಾಗೆ ಆದುದು. 1944ನೆಯ ಫೆಬ್ರುವರಿಯಲ್ಲಿ ಜಪಾನಿಯರು ಅದೇ ಸೀಮೆಯಲ್ಲಿ ಹಿಂದಿನಿಂದ ಬಂದು ಸುತ್ತುವರಿದರು. ಮಾರ್ಚಿಯಲ್ಲಿ ಇಂಫಾಲದ ಕಡೆಗೂ ನುಗ್ಗಿದರು.

ಉಳಿದುದು ಪೆನ್ಷನ್ನಿನ ಕಾಗದ. ಮಡಿದ ಸ್ಯಾಪರನ ತಾಯಿಗೆ ತಿಂಗಳು ತಿಂಗಳು ಸಲ್ಲತಕ್ಕ ಹಣದ ಆಜ್ಞಾಪತ್ರವದು. ಅದರಲ್ಲಿ ಹಣ ಸಲ್ಲಲು ಆರಂಭವಾಗುವ ತಾರೀಖು 1944ನೆಯ ಮಾರ್ಚಿ ತಿಂಗಳಿನದು. ಅಂದರೆ, ನಾರ್ಮಂಡಿಯಲ್ಲಿ ಮೊದಲ ದೋಣಿ ದಡ ಮುಟ್ಟುವುದಕ್ಕೆ ಎರಡು ತಿಂಗಳಿಗೂ ಮೊದಲೇ ದಂಡಿನ ಮಾವ ಇಲ್ಲವಾಗಿದ್ದರು. ಪತ್ರಿಕೆಯ ತುಣುಕು ಮನೆಗೆ ಬಂದಾಗ ಅವರ ಸಾವಿನ ಸುದ್ದಿಯೂ ಬಂದಾಗಿತ್ತು. ಎರಡು ಕಾಗದಗಳೂ ಒಂದೇ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಎಂಬತ್ತು ವರ್ಷ ಮಲಗಿದ್ದುವು. ಒಂದು ಇನ್ನೊಂದನ್ನು ಅಲ್ಲಗಳೆಯುತ್ತಿದ್ದುದು ಯಾರಿಗೂ ಕೇಳಿಸಲಿಲ್ಲ. ನಾವು ಇಂಗ್ಲಿಷ್ ಪತ್ರಿಕೆಯನ್ನು ಓದಿ ಸಂತೋಷಪಟ್ಟೆವೇ ಹೊರತು ಪೆನ್ಷನ್ನಿನ ಕಾಗದವನ್ನು ಓದಲಿಲ್ಲ. ಅದರಲ್ಲಿ ಓದಿ ಹೇಳಿಕೊಳ್ಳುವಂಥದೇನಿದೆ, ರೂಪಾಯಿ ಆಣೆಗಳ ಲೆಕ್ಕ!

ಈ ಪ್ರಸಂಗವನ್ನೆಲ್ಲ ನಮ್ಮ ಸೋದರತ್ತೆಯವರ ಮುಂದೆ ಇಟ್ಟೆನು. ಅಜ್ಜಿಯ ಹಿರಿಯ ಮಗಳು, ಎಂಬತ್ತರ ವಯಸ್ಸು, ಇಂದಿರಾನಗರದಲ್ಲಿ ಮಗನ ಮನೆಯಲ್ಲಿದ್ದಾರೆ. ನಾನು ಅಳುಕುತ್ತಲೇ ಹೇಳಿದೆ: “ಅತ್ತೆ, ದಂಡಿನ ಮಾವ ಫ್ರಾನ್ಸಿಗೆ ಹೋಗಲೇ ಇಲ್ಲ. ಅಜ್ಜಿ ತಪ್ಪು ತಿಳಿದುಕೊಂಡಿದ್ದರು ಅಂತ ಕಾಣುತ್ತೆ.”

ಅವರು ಕನ್ನಡಕವನ್ನು ಹಾಕಿಕೊಂಡು ತುಣುಕನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಅಮ್ಮ ಯಾವತ್ತಪ್ಪ ಹಾಗಂದ್ರು? ‘ನಮ್ಮಣ್ಣ ಫ್ರಾನ್ಸಿಗೆ ಹೋದ’ ಅಂತ ಅಮ್ಮನ ಬಾಯಲ್ಲಿ ನಾನು ಕೇಳಿಲ್ಲ. ‘ನಮ್ಮಣ್ಣಂದು ಫ್ರಾನ್ಸಿಗೂ ಹೋಯ್ತು’ ಅಂತಿದ್ದರು. ಹೋದ ಅಲ್ಲ, ಹೋಯ್ತು. ನೀವೆಲ್ಲ ಅದನ್ನ ಎಳೆದು ಎಳೆದು ಕಥೆ ಮಾಡಿದಿರಿ.”

“ಅಣ್ಣಂದು ಅಂದರೆ ಏನು ಹೋಯ್ತು?”

“ಊದುಗೊಳವೆ!” ಎಂದು ಅತ್ತೆ ನಕ್ಕರು. “ಅಣ್ಣ ರಜಾದ ಮೇಲೆ ಬಂದಾಗ ಒಲೆ ಮುಂದೆ ಕೂತು, ಅಮ್ಮನ ಕೈಲಿದ್ದ ಊದುಗೊಳವೆ ಕಸಿದುಕೊಂಡು, ಒರಳುಕಲ್ಲಿನ ಸಂದಿಯಲ್ಲಿ ನೂಕಿ ತೋರಿಸ್ತಿದ್ದರಂತೆ. ‘ಇದರೊಳಗೆ ಮದ್ದು ತುಂಬ್ತೀವಿ ಕಣೆ, ಹಿಂಗೆ ಬೇಲಿ ಕೆಳಗೆ ಬಿಡ್ತೀವಿ, ಕೆರೆ ಪಕ್ಕದ ಬಯಲಲ್ಲಿ ಅದೇ ಪಾಠ ನಮಗೆ’ ಅಂತ. ಆಮೇಲೆ ಅವರು ಹೋಗಿಬಿಟ್ಟರಲ್ಲ. ಮೂರು ತಿಂಗಳೋ ನಾಲ್ಕು ತಿಂಗಳೋ ಆದ ಮೇಲೆ ಪಕ್ಕದ ಮನೆ ಗುಮಾಸ್ತರು ಪೇಪರ್ ಓದಿ, ‘ನೋಡಮ್ಮ, ನಮ್ಮೂರ ಕೊಳವೆ ಫ್ರಾನ್ಸಿನಲ್ಲಿ ಬೇಲಿ ಒಡೆಯಿತಂತೆ’ ಅಂತ ಹೇಳಿ ಕತ್ತರಿಸಿ ಕೊಟ್ಟರು. ನೀಲಿ ಗೆರೆ ಅವರದೇ. ಅಮ್ಮನಿಗೆ ಎಲ್ಲ ಗೊತ್ತಿತ್ತು.”

ಕನ್ನಡದಲ್ಲಿ ‘ಹೋದ’ ಎಂಬುದಕ್ಕೂ ‘ಹೋಯ್ತು’ ಎಂಬುದಕ್ಕೂ ಇರುವ ಅಂತರ ಶಾಲೆಯ ಮಕ್ಕಳಿಗೂ ತಿಳಿದದ್ದು. ಅಷ್ಟನ್ನು ಕಿವಿಗೊಟ್ಟು ಕೇಳಲಾರದೆ ಹೋದ ನಾವು, ಓದುಬರಹ ಬಲ್ಲವರು, ಓದು ಬಾರದ ಅಜ್ಜಿಯ ಮೇಲೆ ತಪ್ಪನ್ನು ಹೊರಿಸಿದೆವು. ಅವರು ಆಡಿದ ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ತಮ್ಮ ಅಣ್ಣ ಕಲಿತ ಕೆಲಸವು ಅಣ್ಣನಿಲ್ಲದಾದ ಮೇಲೂ ಇನ್ನಾರದೋ ಕೈಯಲ್ಲಿ ಕಡಲ ತೀರವೊಂದನ್ನು ಮುಟ್ಟಿತೆಂಬುದೇ ಅವರಿಗೆ ಆ ತುಣುಕಿನ ಅರ್ಥವಾಗಿದ್ದಿತು. ಅಮೆರಿಕದ ಕಾರ್ಖಾನೆಯಲ್ಲಿ ಆದ ಕೊಳವೆಗೂ ಹಲಸೂರಿನ ಬಯಲಿನ ಹುಡುಗನಿಗೂ ನೇರವಾದ ಸಂಬಂಧವೇನೂ ಇಲ್ಲವೆಂದು ವಾದ ಹೂಡಬಹುದು. ಹೂಡುವವರು ಹೂಡಲಿ.

ತುಣುಕು ಅಚ್ಚಾದ ಅದೇ ದಿನಗಳ ಇನ್ನೊಂದು ಸಂಗತಿಯನ್ನು ಇಲ್ಲಿ ಬಿಡಲಾಗದು. 1944ನೆಯ ಜೂನ್ 30ರ ಲಂಡನ್ ಗೆಜೆಟಿನಲ್ಲಿ ಸುಬೇದಾರ್ ಸುಬ್ರಮಣ್ಯಂ ಎಂಬುವರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಪದಕವನ್ನು ಕೊಟ್ಟ ಪ್ರಕಟನೆ ಬಂದಿತು. ಅವರೂ ಇದೇ ಮದ್ರಾಸ್ ಸ್ಯಾಪರುಗಳ ದಳದವರು. ಆ ವರ್ಷದ ಫೆಬ್ರುವರಿ 24ರಂದು, ಇಟಲಿಯ ಮಿನ್ಯಾನೋ ಎಂಬಲ್ಲಿ, ಸಿಡಿಮದ್ದು ಹೂತ ನೆಲದಲ್ಲಿ ತಮ್ಮ ಆಳುಗಳನ್ನು ನಡಸಿಕೊಂಡು ಹೋಗುತ್ತಿದ್ದಾಗ ಮುಂದಿದ್ದವನ ಕಾಲ ಕೆಳಗೆ ಮದ್ದು ಚಟಕ್ಕೆಂದಿತು. ಅಂಥ ಮದ್ದು ಮೊದಲು ಸಣ್ಣದಾಗಿ ಸದ್ದುಮಾಡಿ ಕೆಲವು ಸೆಕೆಂಡುಗಳ ಮೇಲೆ ಸಿಡಿಯುವುದು. ಸುಬ್ರಮಣ್ಯಂ ಆ ಮದ್ದಿನ ಮೇಲೆ ತಾವೇ ಬಿದ್ದರು. ಸಿಡಿತವೆಲ್ಲ ಅವರ ದೇಹದಲ್ಲಿ ಅಡಗಿತು, ಜೊತೆಯವರು ಉಳಿದರು. ನಾರ್ಮಂಡಿಯ ಕೊಳವೆಯ ಸುದ್ದಿಯನ್ನು ಕತ್ತರಿಸಿಟ್ಟ ಮನೆಗಳು ಬೆಂಗಳೂರಿನಲ್ಲಿ ಇನ್ನೂ ಕೆಲವು ಇರಬಹುದು. ಈ ಸುಬೇದಾರರ ಹೆಸರನ್ನು ದಂಡಿನ ಪ್ರದೇಶದ ಎಷ್ಟು ಮಕ್ಕಳು ಬಲ್ಲರೆಂದು ಕೇಳಿದರೆ ಉತ್ತರ ಹೇಳಲು ನಾಚಿಕೆಯಾಗುತ್ತದೆ. ಕೊಳವೆಯ ಹೆಸರು ಎಲ್ಲ ದೇಶಗಳ ಸೈನಿಕರ ಬಾಯಲ್ಲಿದೆ. ಅದನ್ನು ಯೋಚಿಸಿದ ಕ್ಯಾಪ್ಟನನ ಹೆಸರು ವಿಶ್ವಕೋಶಗಳಲ್ಲಿದೆ. ಕೆರೆಯ ಬಯಲಿನಲ್ಲಿ ಅದನ್ನು ಮೊದಲು ಹೊತ್ತು, ನೂಕಿ, ಬತ್ತಿ ಹಚ್ಚಿ ಪರೀಕ್ಷಿಸಿದ ತಂಬಿಗಳು ಯಾರೆಂದು ಯಾವ ಪತ್ರಿಕೆಯೂ ಬರೆಯಲಿಲ್ಲ.

ಬ್ರಿಗೇಡ್ ರಸ್ತೆ ರೆಸಿಡೆನ್ಸಿ ರಸ್ತೆಯನ್ನು ಕೂಡುವಲ್ಲಿ ಒಂದು ಕಲ್ಲಿನ ಸ್ಮಾರಕವಿದೆ. ಅದು ಮದ್ರಾಸ್ ಪಯೋನಿಯರ್ ದಳಗಳದು; ಮೊದಲನೆಯ ಮಹಾಯುದ್ಧದಲ್ಲಿ ದಾರಿ ಕಡಿಯಲು ಹೋಗಿ ಮಡಿದವರನ್ನು ನೆನೆಯುವುದಕ್ಕಾಗಿ ನಿಲ್ಲಿಸಿದ್ದು. ಆ ದಳಗಳನ್ನು 1933ರಲ್ಲಿ ವಿಸರ್ಜಿಸಿದರು. ಅಂಗಡಿಗೆ ಬಂದ ಜನ ಅದರ ನೆರಳಿನಲ್ಲಿ ನಿಂತು ಆಟೋವಿಗಾಗಿ ಕಾಯುತ್ತಾರೆ. ನಾನೂ ಎಷ್ಟೋ ಸಲ ಹಾಗೆ ನಿಂತವನೇ, ಕಲ್ಲನ್ನು ಓದದೆ.

ದಂಡಿನ ಮಾವನ ಹೆಸರು ಇರುವ ಕಲ್ಲು ಬೆಂಗಳೂರಿನಿಂದ ಬಹು ದೂರದಲ್ಲಿದೆ. ಬರ್ಮದ ರಂಗೂನಿನ ಹೊರಗೆ ತೌಕ್‌ಚಾನ್ ಎಂಬಲ್ಲಿ, ಆ ಕಾಳಗಗಳಲ್ಲಿ ಮಡಿದು ಸಮಾಧಿ ಕಾಣದವರಿಗಾಗಿ ಕಟ್ಟಿದ ಕಂಬಸಾಲಿನ ಮಂಟಪವಿದೆ. ಸುಮಾರು 27,000 ಹೆಸರುಗಳನ್ನು ಅದರಲ್ಲಿ ಕೆತ್ತಿದ್ದಾರೆ. ಅವುಗಳ ಪಟ್ಟಿಯಲ್ಲಿ, ಇಂಗ್ಲಿಷ್ ಕಾಗುಣಿತದಲ್ಲಿ ಗುರುತೇ ಸಿಗದಷ್ಟು ವಕ್ರವಾಗಿ, ಆದರೆ ತಂದೆಯ ಹೆಸರಿನಿಂದಲೂ ಹಳ್ಳಿಯ ಹೆಸರಿನಿಂದಲೂ ಖಚಿತವಾಗಿ, ಅವರು ಸಿಕ್ಕಿದರು. ಅತ್ತೆಯವರಿಗೆ ಅದನ್ನು ಓದಿ ಹೇಳಿದೆ. ಅವರು ಕೇಳಿದ ಪ್ರಶ್ನೆ ಒಂದೇ: “ತಿಥಿ ಯಾವತ್ತು ಬರುತ್ತೆ ನೋಡಿ ಹೇಳು.” ಪಂಚಾಂಗಗಳನ್ನು ಬಲ್ಲವರೊಬ್ಬರಿಂದ ಎಂಬತ್ತು ವರ್ಷದ ಹಿಂದಿನ ತಾರೀಖಿಗೆ ತಿಥಿಯನ್ನು ಗುಣಿಸಿ ತಿಳಿದುಕೊಂಡು ಬಂದೆವು. ಅದು ಫಾಲ್ಗುಣ ಮಾಸದಲ್ಲಿ ಬೀಳುತ್ತದೆ. ಈ ವರ್ಷದಿಂದ ಆ ದಿನ ಅವರ ಹೆಸರಿನಲ್ಲಿ ಎಳ್ಳುನೀರು ಬಿಡುವುದೆಂದು ಮನೆಯವರೆಲ್ಲ ಒಪ್ಪಿದ್ದಾರೆ. ಪತ್ರಿಕೆಯ ತುಣುಕನ್ನೂ, ಬಿದಿರಿನ ಸಾಲಿರುವ ಕಾಗದವನ್ನೂ, ಪೆನ್ಷನ್ನಿನ ಆಜ್ಞಾಪತ್ರವನ್ನೂ ಒಂದೇ ಲಕೋಟೆಯಲ್ಲಿರಿಸಿ, ಅದರ ಮೇಲೆ ಅತ್ತೆಯವರು ಹೇಳಿದಂತೆ ಅಜ್ಜಿಯ ಮಾತನ್ನು ಅಕ್ಷರ ತಪ್ಪದೆ ಬರೆದು, ತಾರೀಖು ಹಾಕಿದ್ದೇನೆ.